ಮಣ್ಣಿನ ಓದು, ಮರಳಿನ ಜೀವ

ನಮ್ಮ ಸಾಹಿತ್ಯ ವಿಮರ್ಶೆಯಲ್ಲಿ ಮಣ್ಣಿಗೆ ಸಿಕ್ಕ ಮರ್ಯಾದೆ ಮರಳಿಗೆ ಸಿಕ್ಕಿಲ್ಲ. ಲೇಖಕರೊಬ್ಬರನ್ನು ಹೊಗಳಬೇಕಾದರೆ ಅವರ ಬರವಣಿಗೆಯಲ್ಲಿ ಮಣ್ಣಿನ ವಾಸನೆ ಇದೆ ಎನ್ನುತ್ತೇವೆ. ಊರು ಬಿಟ್ಟವನು ವಾಪಸು ಬಂದರೆ ಮಣ್ಣಿನ ಸೆಳೆತ ಎನ್ನುತ್ತೇವೆ. ಮರಳಿನ ಮಾತು ಬಂದಾಗ ಮಾತ್ರ ನುಡಿಗಟ್ಟುಗಳೆಲ್ಲ ಮುಖ ತಿರುಗಿಸುತ್ತವೆ. ಬಾಳಿಕೆ ಬಾರದ ಕೆಲಸಕ್ಕೆ ಮರಳಿನ ಮನೆ, ಆಗದ ಹೋಗದ ಕೆಲಸಕ್ಕೆ ಮರಳು ಹಿಂಡಿ ಎಣ್ಣೆ ತೆಗೆಯುವುದು, ಏನೂ ಹುಟ್ಟದ ಜಾಗಕ್ಕೆ ಮರಳುಗಾಡು. ಮಣ್ಣು ಎಂದರೆ ಬದುಕು, ಮರಳು ಎಂದರೆ ಬರಿದು ಎಂಬ ಲೆಕ್ಕವನ್ನು ಭಾಷೆಯೇ ನಮಗೆ ಹೇಳಿಕೊಟ್ಟಿದೆ.

ಭಾಷೆ ಇದಕ್ಕೆ ವಿರುದ್ಧವಾದ ಪಾಠವನ್ನೂ ಇಟ್ಟುಕೊಂಡಿದೆ ಎನ್ನುವುದು ಬೇರೆ ಮಾತು. ಮರಳು ಎಂದರೆ ಹಿಂದಿರುಗು ಎಂದೂ ಅರ್ಥ, ಎಸರು ಕುದಿಯುವುದಕ್ಕೂ ಮರಳುವುದು ಎನ್ನುತ್ತೇವೆ. ನಮ್ಮ ನ್ಯಾಮತಿ, ಹೊನ್ನಾಳಿ ಸೀಮೆಯಲ್ಲಿ ಅದೇ ವಸ್ತು ಉಸುಕು. ಘಟ್ಟ ಇಳಿದರೆ ಹೊಯ್ಗೆ. ಒಂದೇ ಪುಡಿಗೆ ಮೂರು ಹೆಸರು ಕೊಟ್ಟ ಕನ್ನಡ, ಅದರೊಳಗೆ ಬದುಕುವವರ ಬಗ್ಗೆ ಏನು ಬರೆದಿದೆ, ನಾವು ಅದನ್ನು ಹೇಗೆ ಓದಿದ್ದೇವೆ ಎಂಬುದು ಈ ಬರಹದ ಪ್ರಶ್ನೆ. 'ಅದರೊಳಗೆ ಬದುಕುವವರು' ಎಂದದ್ದು ಅಲಂಕಾರಕ್ಕಲ್ಲ. ಕಡಲಂಚಿನ ಒದ್ದೆ ಮರಳನ್ನು ಕೊರೆದು ಅದರಲ್ಲೇ ಮನೆ ಮಾಡುವ ಪುಟ್ಟ ಏಡಿಗಳ ಬಗ್ಗೆಯೇ ನಾನು ಹೇಳುತ್ತಿರುವುದು.

ಮೊದಲು ಆ ಜೀವವನ್ನು ಸ್ವಲ್ಪ ನೋಡೋಣ. ನಮ್ಮ ಪಡುವಣ ಕರಾವಳಿಯಲ್ಲಿ ಅಲೆ ಬಂದು ಬಡಿದು ಹಿಂದೆ ಸರಿಯುವ ಪಟ್ಟಿಯಿದೆಯಲ್ಲ, ಅಲ್ಲಿ ನಿಂತರೆ ಅಂಗಾಲಿನ ಕೆಳಗೆ ಏನೋ ಕಚಗುಳಿ ಇಟ್ಟಂತಾಗುತ್ತದೆ. ಕೆದಕಿದರೆ ಹೆಬ್ಬೆರಳ ತುದಿಯಷ್ಟು ಗಾತ್ರದ, ಮೊಟ್ಟೆಯಾಕಾರದ, ಮರಳಿನದೇ ಬಣ್ಣದ ಒಂದು ಪ್ರಾಣಿ ಕೈಗೆ ಬಂದು ಬೆರಳ ಸಂದಿಯಲ್ಲಿ ನುಸುಳಿ ಹೋಗುತ್ತದೆ. ವಿಜ್ಞಾನಿಗಳು ಇದರ ಕುಲವನ್ನು ಎಮೆರಿಟಾ ಎನ್ನುತ್ತಾರೆ. ಈ ಬರಹದ ಅನುಕೂಲಕ್ಕೆ ನಾನು ಮರಳೇಡಿ ಎಂದು ಕರೆಯುತ್ತೇನೆ. ಏಡಿ ಎಂದರೂ ಇದಕ್ಕೆ ಕಚ್ಚುವ ಕೊಂಬಿಲ್ಲ. ನಿಜವಾದ ಏಡಿಗಳ ಗುಂಪಿಗೂ ಇದು ಸೇರಿದ್ದಲ್ಲ, ಸನ್ಯಾಸಿ ಏಡಿಗಳ ಕಡೆಯ ನೆಂಟ. ಅಡ್ಡಡ್ಡ ನಡೆಯುವುದೂ ಇಲ್ಲ, ಇದರ ನಡೆಯೆಲ್ಲ ಹಿಮ್ಮುಖ. ಬೆನ್ನ ಕಡೆಯಿಂದ ಮರಳಿಗೆ ಇಳಿಯುತ್ತಾ ಕೆಲವೇ ಕ್ಷಣಗಳಲ್ಲಿ ಮುಳುಗಿ, ಕಡ್ಡಿಯಂಥ ಕಣ್ಣುಗಳನ್ನಷ್ಟೇ ಮೇಲಿಟ್ಟು ಕಡಲಿಗೆ ಮುಖ ಮಾಡಿ ಕೂರುತ್ತದೆ. ಅಲೆ ಹಿಂದೆ ಸರಿಯುವಾಗ ಗರಿಯಂಥ ಎರಡು ಮೀಸೆಗಳನ್ನು ಬಿಚ್ಚಿ, ಓಡುವ ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳನ್ನು ಸೋಸಿ, ಮೀಸೆಯನ್ನು ಬಾಯಿಗೆ ಎಳೆದುಕೊಂಡು ನೆಕ್ಕುತ್ತದೆ. ಭರತ ಏರಿದಂತೆ ದಂಡೆಯ ಮೇಲಕ್ಕೆ, ಇಳಿತವಾದಂತೆ ಕೆಳಕ್ಕೆ, ಅಲೆಯ ಜೊತೆಗೇ ಮನೆ ಬದಲಿಸುತ್ತದೆ. ಹೆಣ್ಣು ದೊಡ್ಡದು, ಹೊಟ್ಟೆಯಡಿ ಕಿತ್ತಳೆ ಬಣ್ಣದ ಮೊಟ್ಟೆಯ ಗೊಂಚಲು ಹೊತ್ತಿರುತ್ತದೆ. ಗಂಡು ಅದರ ಮುಂದೆ ತೀರಾ ಚಿಕ್ಕದು. ಮರಿಗಳು ವಾರಗಟ್ಟಲೆ ಕಡಲಲ್ಲಿ ತೇಲಿ, ತಾಯಿ ನೋಡದ ಬೇರೆ ಯಾವುದೋ ದಂಡೆಗೆ ಬಂದು ಇಳಿಯುತ್ತವೆ. ನಮ್ಮ ಪಶ್ಚಿಮ ಕರಾವಳಿಯ ಒಂದು ಪ್ರಭೇದವನ್ನು ಸಂಕೊಳ್ಳಿ ಎಂಬ ವಿಜ್ಞಾನಿ 1965ರಲ್ಲಿ ವಿವರಿಸಿ ಎಮೆರಿಟಾ ಹೊಲ್ತೂಯ್ಸಿ ಎಂದು ಹೆಸರಿಟ್ಟರು. ಮೀನುಗಾರರ ಕಾಲಡಿಯಲ್ಲಿ ಎಷ್ಟೋ ತಲೆಮಾರು ಇದ್ದ ಜೀವ ವಿಜ್ಞಾನದ ಪುಸ್ತಕ ಸೇರಿದ್ದು ಅಷ್ಟು ತಡವಾಗಿ.

ಈಗ ಸಾಹಿತ್ಯಕ್ಕೆ ಬರೋಣ. ನ್ಯಾಮತಿಯಂಥ ಒಳನಾಡಿನ ಊರಿನಲ್ಲಿ ಓದು ಕಲಿತವರಿಗೆ ಕಡಲು ಮೊದಲು ಸಿಗುವುದು ಪುಸ್ತಕದಲ್ಲಿ. ಕಣ್ಣಿಗೆ ಸಿಕ್ಕರೂ ಅದು ಆಗುಂಬೆಯ ಸೂರ್ಯಾಸ್ತದ ಹೊತ್ತಿಗೆ, ಆಕಾಶ ಶುಭ್ರವಾಗಿದ್ದರೆ, ದೂರದಲ್ಲಿ ಕಾಣುವ ಒಂದು ಹೊಳೆಯುವ ಗೆರೆ. ನಮ್ಮ ಭಾವಗೀತೆಗಳು ಕಲಿಸಿದ ಕಡಲೂ ಹೆಚ್ಚುಕಡಿಮೆ ಈ ಗೆರೆಯೇ. ಗೋಪಾಲಕೃಷ್ಣ ಅಡಿಗರು ಕಡಲಿಗೆ ಹತ್ತಿರದ ಮೊಗೇರಿಯವರು. ಆದರೂ ನಾವೆಲ್ಲ ಬಾಯಿಪಾಠ ಮಾಡಿದ ಅವರ ಮೋಹನ ಮುರಳಿಯ ಕವಿತೆಯಲ್ಲಿ ಕಡಲು ಎಂದರೆ ಆಚೆಯ ಕರೆ, ಇಲ್ಲಿರುವುದನ್ನು ಬಿಟ್ಟು ಹೊರಡಿಸುವ ಸೆಳೆತ. ಆ ಕವಿತೆಗೆ ಅದು ಬೇಕು, ಅದರ ಶಕ್ತಿಯೂ ಅಲ್ಲೇ ಇದೆ. ಆಚೆ ದಡವನ್ನು ಕುರಿತ ಕವಿತೆ ಈಚೆ ದಡದ ಮರಳನ್ನು ಕೆದಕಬೇಕು ಎಂದು ಕೇಳುವುದು ಅನ್ಯಾಯ. ತೊಂದರೆ ಇರುವುದು ನಮ್ಮಲ್ಲಿ, ಓದುಗರಲ್ಲಿ. ಒಂದು ಬಗೆಯ ಕವಿತೆ ಕಲಿಸಿದ ನೋಟವನ್ನೇ ಕಡಲನ್ನು ನೋಡುವ ಏಕೈಕ ಬಗೆ ಎಂದುಕೊಂಡು, ಬೇರೆ ಪುಸ್ತಕಗಳನ್ನೂ ಅದೇ ಕಣ್ಣಿನಿಂದ ಓದಿದೆವು.

ಇದಕ್ಕೆ ಒಳ್ಳೆಯ ಉದಾಹರಣೆ ಶಿವರಾಮ ಕಾರಂತರ 'ಮರಳಿ ಮಣ್ಣಿಗೆ'. 1940ರ ದಶಕದ ಆರಂಭದ ಈ ಕಾದಂಬರಿಯ ಶೀರ್ಷಿಕೆಯ ಮೊದಲ ಪದ ಹಿಂದಿರುಗುವಿಕೆಯನ್ನು ಹೇಳುತ್ತದೆ. ಅದರೊಳಗೇ ಮರಳೂ ಕೇಳಿಸುತ್ತದೆ. ಕಾರಂತರು ಬೇಕೆಂದೇ ಇಟ್ಟರೋ ಇಲ್ಲವೋ, ಕಾದಂಬರಿಯ ನೆಲ ಮಾತ್ರ ಆ ಎರಡೂ ಅರ್ಥಗಳನ್ನು ಹಿಡಿದುಕೊಂಡಿದೆ. ಕೋಡಿ ಗ್ರಾಮ ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ ಇರುವ ಕಿರಿದಾದ ಜಾಗ. ಅಲ್ಲಿನ ಬದುಕು ಹೊಯ್ಗೆಯಲ್ಲಿ ಅನ್ನ ಹುಟ್ಟಿಸುವ ದುಡಿಮೆ. ರಾಮ ಐತಾಳರು ಪೌರೋಹಿತ್ಯಕ್ಕೆ ಹೊರಟರೆ ಗದ್ದೆಯ ಕೆಲಸ ಹೆಂಡತಿ ಪಾರ್ವತಿ ಮತ್ತು ವಿಧವೆ ತಂಗಿ ಸರಸೋತಿಯ ಬೆನ್ನಿನ ಮೇಲೆ. ಮುಂದಿನ ತಲೆಮಾರಿನ ಲಚ್ಚ ಇಂಗ್ಲಿಷ್ ಓದಿ ಹಾಳಾಗುತ್ತಾನೆ, ಅವನ ಹೆಂಡತಿ ನಾಗವೇಣಿ ಆ ಹಾಳನ್ನು ಹೊತ್ತು ಬದುಕುತ್ತಾಳೆ. ಮೂರನೆಯ ತಲೆಮಾರಿನ ರಾಮ ಮದ್ರಾಸು, ಮುಂಬೈ ಸುತ್ತಿ ಊರಿಗೆ ಬರುತ್ತಾನೆ.

ತರಗತಿಗಳಲ್ಲಿ ಈ ಕಾದಂಬರಿಯನ್ನು ರಾಮನ ಕಡೆಯಿಂದ ಓದಿಸುವುದು ರೂಢಿ: ಹೋದ, ಕಂಡ, ಮರಳಿದ. ಆದರೆ ಪುಸ್ತಕದ ಬಹುಪಾಲು ಪುಟಗಳು ಎಲ್ಲಿಗೂ ಹೋಗದವರವು. ಸರಸೋತಿ ಮಣ್ಣಿಗೆ ಮರಳಲಿಲ್ಲ, ಏಕೆಂದರೆ ಅವಳು ಬಿಟ್ಟು ಹೋಗಲೇ ಇಲ್ಲ. ನಾಗವೇಣಿಗೂ ಮಗ ಮರಳುವ ಹೊತ್ತಿಗೆ ಮರಳಲು ಒಂದು ಜಾಗ ಉಳಿದಿರುವಂತೆ ನೋಡಿಕೊಳ್ಳುವುದೇ ಬದುಕಾಗಿತ್ತು. ಕಡಲೂ ಈ ಹೆಂಗಸರಿಗೆ ದೂರದ ಕರೆಯಾಗಿ ಒದಗಲಿಲ್ಲ. ಅವರ ಪಾಲಿಗೆ ಅದು ದಿನವೂ ಕಿವಿಗೆ ಬೀಳುವ ಮೊರೆತ, ಬಾವಿಯ ಉಪ್ಪು, ಮಳೆಗಾಲದ ಭಯ. ಆಗುಂಬೆಯ ಗೆರೆಯನ್ನು ಕಡಲು ಎಂದುಕೊಂಡ ಓದು ಈ ಕಡಲನ್ನು ಹಿನ್ನೆಲೆಯ ಚಿತ್ರವಾಗಿ ಬದಿಗಿಡುತ್ತದೆ, ರಾಮನ ಪ್ರಯಾಣವನ್ನು ಮುನ್ನೆಲೆಗೆ ತರುತ್ತದೆ.

ಹಾಗಾದರೆ ಸರಸೋತಿ, ನಾಗವೇಣಿಯರು ಅಲೆಗೆ ಮೈಯೊಡ್ಡಿ ಮರಳಲ್ಲಿ ಕಚ್ಚಿಕೊಂಡ ಮರಳೇಡಿಗಳಂತೆ ಎಂದು ಬರೆದುಬಿಡಬಹುದು. ಹೋಲಿಕೆ ಸಲೀಸಾಗಿ ಕೂರುತ್ತದೆ. ಅದಕ್ಕೇ ಅದರ ಬಗ್ಗೆ ಅನುಮಾನವಿರಬೇಕು. ಕನ್ನಡದಲ್ಲಿ ಏಡಿಗೆ ಮೊದಲಿನಿಂದಲೂ ಇದೇ ಗತಿ. ಪಂಚತಂತ್ರದಲ್ಲಿ ಕಪಟಿ ಕೊಕ್ಕರೆಯ ಕತ್ತು ಕತ್ತರಿಸಿ ನೀತಿ ಹೇಳಲು ಅದು ಬೇಕು. ಪಂಚಾಂಗದಲ್ಲಿ ಕರ್ಕಾಟಕವಾಗಿ ಒಂದು ರಾಶಿಯನ್ನು ಹೊರಬೇಕು. ಭಾಷಣಗಳಲ್ಲಿ ನಮ್ಮವರ ಹೊಟ್ಟೆಕಿಚ್ಚಿಗೆ ಮಾದರಿಯಾಗಿ, ಮುಚ್ಚಳವಿಲ್ಲದ ಬುಟ್ಟಿಯಲ್ಲಿ ಒಂದರ ಕಾಲನ್ನು ಒಂದು ಎಳೆಯುತ್ತಾ ಬಿದ್ದಿರಬೇಕು. ಬುಟ್ಟಿಯ ಏಡಿಗಳು ಏರಲು ಹವಣಿಸುವಾಗ ಸಿಕ್ಕಿದ್ದನ್ನು ಹಿಡಿದುಕೊಳ್ಳುತ್ತವೆ, ಅಷ್ಟೆ. ಅಸೂಯೆ ನೋಡುವವರದು. ನಾಗವೇಣಿಯನ್ನು ಏಡಿಗೆ ಹೋಲಿಸಿದರೆ ನಾಗವೇಣಿಯ ದುಃಖವೂ ಕಾಣುವುದಿಲ್ಲ, ಏಡಿಯೂ ಕಾಣುವುದಿಲ್ಲ. ಇಬ್ಬರನ್ನೂ ನೋಡಿದ ಭ್ರಮೆ ಮಾತ್ರ ಉಳಿಯುತ್ತದೆ.

ಹೋಲಿಕೆಗೆ ಒಗ್ಗದೆ ಏಡಿ ಕವಿತೆಯೊಳಗೆ ಬರಬಹುದು ಎಂಬುದಕ್ಕೆ ಜಪಾನಿನ ಇಶಿಕಾವಾ ತಕುಬೊಕು ಸಾಕ್ಷಿ. 1910ರಲ್ಲಿ ಬಂದ ಅವರ ಸಂಕಲನದ ಹೆಸರೇ 'ಒಂದು ಹಿಡಿ ಮರಳು'. ಅದರ ಮೊದಲ ಕಿರುಗವಿತೆಯಲ್ಲಿ ಪುಟ್ಟ ದ್ವೀಪದ ಬಿಳಿ ಮರಳಿನಲ್ಲಿ ಒಬ್ಬ ಅಳುತ್ತಾ ಏಡಿಯೊಂದಿಗೆ ಆಡುತ್ತಿದ್ದಾನೆ. ಅಷ್ಟೇ. ಏಡಿ ಅವನ ದುಃಖವನ್ನು ಪ್ರತಿನಿಧಿಸುವುದಿಲ್ಲ, ಸಮಾಧಾನವನ್ನೂ ಹೇಳುವುದಿಲ್ಲ. ಅವನು ಅಳುತ್ತಿದ್ದಾನೆ, ಅದು ಅಲ್ಲಿದೆ. ಇಪ್ಪತ್ತಾರು ವರ್ಷಕ್ಕೇ ಕ್ಷಯದಿಂದ ತೀರಿಕೊಂಡ ಈ ಕವಿಯ ಸಾಲುಗಳಲ್ಲಿ ಮನುಷ್ಯ ಮತ್ತು ಪ್ರಾಣಿ ಪಕ್ಕಪಕ್ಕ ಕೂತಿರುತ್ತಾರೆ, ಒಬ್ಬರು ಇನ್ನೊಬ್ಬರಿಗೆ ಅರ್ಥವಾಗಿ ಕರಗುವುದಿಲ್ಲ.

ಕಾರಂತರ ಕಾದಂಬರಿ ಬಂದ ಆಸುಪಾಸಿನಲ್ಲೇ, 1941ರಲ್ಲಿ, ಅಮೆರಿಕದಲ್ಲಿ ರಾಚೆಲ್ ಕಾರ್ಸನ್ ಅವರ ಮೊದಲ ಪುಸ್ತಕ 'ಅಂಡರ್ ದಿ ಸೀ-ವಿಂಡ್' ಪ್ರಕಟವಾಯಿತು. ಮೀನುಗಾರಿಕೆ ಇಲಾಖೆಯಲ್ಲಿ ನೌಕರಿಯಲ್ಲಿದ್ದ ಕಡಲಜೀವಿ ತಜ್ಞೆ ಅವರು. ಪರ್ಲ್ ಹಾರ್ಬರ್ ದಾಳಿಗೆ ತುಸು ಮೊದಲು ಬಂದ ಪುಸ್ತಕ ಯುದ್ಧದ ಗದ್ದಲದಲ್ಲಿ ಮುಳುಗಿತು. ಅದರಲ್ಲಿ ಅಲೆಯ ಅಂಚಿನಲ್ಲಿ ಓಡಾಡುವ ಪುಟ್ಟ ಹಕ್ಕಿಗಳಿವೆ, ಅವು ಕೊಕ್ಕಿನಿಂದ ಹೆಕ್ಕುವುದು ಇದೇ ಬಗೆಯ ಮರಳೇಡಿಗಳನ್ನು. ಹಕ್ಕಿಗಳಿಗೆ ಕಾರ್ಸನ್ ಸಿಲ್ವರ್‌ಬಾರ್, ಬ್ಲ್ಯಾಕ್‌ಫುಟ್ ಎಂದು ಹೆಸರು ಕೊಟ್ಟು ಕಾದಂಬರಿಯ ಪಾತ್ರಗಳಂತೆ ಕತೆ ಹೇಳುತ್ತಾರೆ. 1955ರ 'ದಿ ಎಡ್ಜ್ ಆಫ್ ದಿ ಸೀ'ಯಲ್ಲಿ ಮರಳೇಡಿಯ ದಿನಚರಿ ಇನ್ನೂ ವಿವರವಾಗಿ ಬರುತ್ತದೆ. ಅಲ್ಲಿ ಕೊರತೆಯಿರುವುದು ಮನುಷ್ಯರದು. ದಂಡೆಯಲ್ಲಿ ದುಡಿಯುವವರು, ಹಸಿದವರು, ಸಾಲ ಮಾಡಿದವರು ಆ ಪುಸ್ತಕಗಳಲ್ಲಿ ಅಂಚಿಗೆ ಸರಿದಿದ್ದಾರೆ. ಕಾರಂತರ ಕೋಡಿಯಲ್ಲಿ ಮನುಷ್ಯರ ಬದುಕು ದಂಡೆ ತುಂಬಾ ಹರಡಿದೆ. ಎರಡೂ ಪುಸ್ತಕಗಳನ್ನು ಎದುರುಬದುರು ಇಟ್ಟರೆ ಒಂದೇ ಒದ್ದೆ ಮರಳಿನ ಎರಡು ಅರ್ಧಗಳು ಕಾಣುತ್ತವೆ.

ಈ ಇಬ್ಬರನ್ನು ಜೊತೆಗಿಡುವುದು ನನ್ನ ಮನಸ್ಸಿಗೆ ತೋಚಿದ ಸಾಹಸವೇನಲ್ಲ. ಸ್ವತಃ ಕಾರಂತರೇ ಕಾರ್ಸನ್ ಅವರನ್ನು ಕನ್ನಡಕ್ಕೆ ತಂದವರು. 'ನಮ್ಮ ಸುತ್ತಲಿನ ಕಡಲು' ಅವರ ಅನುವಾದ. ಅದಕ್ಕೂ ಮೊದಲು ಮಕ್ಕಳಿಗೆಂದು ಮೂರು ಸಂಪುಟಗಳ 'ಬಾಲ ಪ್ರಪಂಚ' ಮಾಡಿದ್ದರು, ಆಮೇಲೆ ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ' ಬರೆದರು. ಕಡಲ ತೀರದ ಭಾರ್ಗವ ಎಂದು ನಾವು ಕರೆಯುವ ಮನುಷ್ಯನಿಗೆ ಆ ತೀರದಲ್ಲಿ ನಾಗವೇಣಿಯರಷ್ಟೇ ಇಲ್ಲ, ಬೇರೆ ಸಂಸಾರಗಳೂ ಇವೆ ಎಂಬುದು ಚೆನ್ನಾಗಿ ಗೊತ್ತಿತ್ತು.

ಗೊತ್ತಿಲ್ಲದಿದ್ದುದು ನಮ್ಮ ವಿಮರ್ಶೆಗೆ. ನಾವು ಕಾರಂತರನ್ನು ಎರಡು ಕಪಾಟುಗಳಲ್ಲಿ ಹಂಚಿಟ್ಟೆವು. ಕಾದಂಬರಿಗಳು ಸಾಹಿತ್ಯದ ಕಪಾಟಿಗೆ, ಕಡಲು ಮತ್ತು ಪ್ರಾಣಿಗಳ ಪುಸ್ತಕಗಳು ವಿಜ್ಞಾನ ಸಾಹಿತ್ಯದ ಕಪಾಟಿಗೆ. ಮೊದಲನೆಯದರ ಮೇಲೆ ಸಂಶೋಧನಾ ಪ್ರಬಂಧಗಳು, ವಿಚಾರ ಸಂಕಿರಣಗಳು. ಎರಡನೆಯದಕ್ಕೆ ಕನ್ನಡಕ್ಕೆ ಅವರ ಸೇವೆ ಎಂಬ ಪಟ್ಟಿಯಲ್ಲಿ ಒಂದು ಸಾಲು. ಕನ್ನಡ ಎಂ.ಎ. ಓದುವವರು 'ಮರಳಿ ಮಣ್ಣಿಗೆ'ಯ ಜೊತೆ 'ನಮ್ಮ ಸುತ್ತಲಿನ ಕಡಲು' ಓದುವುದು ಅಪರೂಪ. ಹೀಗಾಗಿ ಕಾದಂಬರಿಯ ಕಡಲು ನಮಗೆ ಬರೀ ಸಂಕೇತವಾಯಿತು, ಅನುವಾದದ ಕಡಲು ಬರೀ ಮಾಹಿತಿಯಾಯಿತು. ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಈ ಗೋಡೆಯನ್ನು ಹೇಗೋ ದಾಟಿತು. ಅದಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಆದರೂ ಅದನ್ನು ಚರ್ಚಿಸುವಾಗ ಅಲ್ಲಿನ ಹಾಸ್ಯದ ಬಗ್ಗೆ ಮಾತಾಡುತ್ತೇವೆ, ಗಿಡದ ಬಗ್ಗೆ ಸುಮ್ಮನಿರುತ್ತೇವೆ.

ಈ ಗೋಡೆ ಬೇಕಿಲ್ಲ ಎಂದು ಕತೆಯೊಳಗೇ ತೋರಿಸಿದ್ದು ಪೂರ್ಣಚಂದ್ರ ತೇಜಸ್ವಿ. 1980ರ 'ಕರ್ವಾಲೊ'ದಲ್ಲಿ ಒಂದು ಹಾರುವ ಓತಿಯ ಹಿಂದೆ ವಿಜ್ಞಾನಿ, ರೈತ, ಫೋಟೋಗ್ರಾಫರ್, ಬಿರಿಯಾನಿ ಕರಿಯಪ್ಪ ಎಲ್ಲರೂ ಕಾಡು ಹತ್ತುತ್ತಾರೆ. ಅದನ್ನು ನಿಜವಾಗಿ ಕಂಡಿದ್ದವನು ಜೇನಿನ ಹುಚ್ಚಿನ ಮಂದಣ್ಣ. ಊರಿನ ಕಣ್ಣಿಗೆ ಅವನು ನಿಷ್ಪ್ರಯೋಜಕ, ಪೊಲೀಸರ ಕಣ್ಣಿಗೆ ಆರೋಪಿ. ಕರ್ವಾಲೊ ಒಬ್ಬರಿಗೆ ಅವನೊಬ್ಬ ಪ್ರಕೃತಿ ವಿಜ್ಞಾನಿ. ಕೊನೆಗೆ ಓತಿ ಸಿಕ್ಕಿದಂತೆ ಸಿಕ್ಕು ಕಣಿವೆಗೆ ಹಾರಿ ಹೋಗುತ್ತದೆ. ಓತಿ ಕಾಲದ ಸಂಕೇತ, ಸತ್ಯದ ಸಂಕೇತ ಎಂದೆಲ್ಲ ನಾವು ಬರೆದಿದ್ದೇವೆ. ಬರೆಯಬಾರದು ಎಂದಲ್ಲ. ಆದರೆ ತೇಜಸ್ವಿ ಅದಕ್ಕಿಂತ ಮೊದಲು ಅದನ್ನು ಓತಿಯಾಗಿ ಕಂಡಿದ್ದರು: ಅದರ ಮೈಬಣ್ಣ, ಮರಕ್ಕೆ ಅಂಟಿಕೊಳ್ಳುವ ರೀತಿ, ಪಕ್ಕೆಯ ಚರ್ಮ ಬಿಚ್ಚುವ ರೀತಿ. ಅರ್ಥ ಬರುವುದು ಆಮೇಲೆ, ಆ ನೋಟದ ಮೇಲೆ ನಿಂತು. ಮಂದಣ್ಣನಂಥವರು ಕರಾವಳಿಯಲ್ಲೂ ಇದ್ದಾರೆ. ಬಲೆ ಎಳೆಯುವವರಿಗೆ, ಮಳಿ ಹೆಕ್ಕುವ ಹೆಂಗಸರಿಗೆ ಒದ್ದೆ ಮರಳಿನ ಯಾವ ಗುಳಿಯೊಳಗೆ ಯಾರಿದ್ದಾರೆ ಎಂದು ಗೊತ್ತು. ತುಳುವಿನ ಡೆಂಜಿ, ಕೊಂಕಣಿಯ ಕುರ್ಲಿ, ನಮ್ಮ ಏಡಿ ಎಂಬ ಹೆಸರುಗಳ ಹಿಂದೆ ಇಂಥವರ ತಿಳಿವಳಿಕೆ ಇದೆ.

ನ್ಯಾಮತಿಯಲ್ಲಿ ಕೂತವರಿಗೆ ಕಡಲಂಚಿನ ಏಡಿಯ ಗೊಡವೆ ಯಾಕೆ ಎಂದು ಕೇಳಬಹುದು. ಎರಡು ಕಾರಣಗಳಿವೆ. ಮೊದಲನೆಯದು, ಕೊರೆಯುವ ಏಡಿ ನಮ್ಮಲ್ಲೂ ಇದೆ. ಗದ್ದೆ ಬದುವಿನ ಬಿಲದಿಂದ ರಾತ್ರೋರಾತ್ರಿ ನೀರು ಸೋರಿಹೋದರೆ ಬೈಸಿಕೊಳ್ಳುವುದು ಅದೇ, ನೆಗಡಿ ಕೆಮ್ಮು ಬಂದಾಗ ಸಾರಿಗೆ ಬೇಕಾಗುವುದೂ ಅದೇ. ದಖ್ಖನ್ನಿನ ಸಿಹಿನೀರಿನ ಏಡಿಯೊಂದರ ವೈಜ್ಞಾನಿಕ ಹೆಸರಿನಲ್ಲಿರುವ 'ಕ್ಯುನಿಕ್ಯುಲಾರಿಸ್' ಎಂಬ ಲ್ಯಾಟಿನ್ ಪದವೇ ಬಿಲ ತೋಡುವುದನ್ನು ಹೇಳುತ್ತದೆ. ಮೊದಲ ಮಳೆಗೆ ಹೊರಬರುವ ಈ ಏಡಿಯನ್ನು ನೋಡಿ ಬೆಳೆದ ಹುಡುಗ ಹುಡುಗಿಯರು ಕನ್ನಡ ತರಗತಿಗೆ ಬಂದಾಗ ಆ ತಿಳಿವಳಿಕೆಯನ್ನು ಬಾಗಿಲಾಚೆ ಬಿಟ್ಟು ಬರುತ್ತಾರೆ. ಅದಕ್ಕೂ ಓದಿಗೂ ಸಂಬಂಧವಿದೆ ಎಂದು ನಾವು ಹೇಳಿಲ್ಲ.

ಎರಡನೆಯ ಕಾರಣ ಉಸುಕು. ಕೂಡ್ಲಿಯಲ್ಲಿ ತುಂಗೆ, ಭದ್ರೆ ಒಂದಾಗಿ ಹೊನ್ನಾಳಿ, ಹರಿಹರದ ಮೇಲೆ ಹರಿಯುತ್ತವೆ. ಅರಬ್ಬೀ ಕಡಲು ಹತ್ತಿರವಿದ್ದರೂ ನಮ್ಮ ನೀರು ಹೋಗುವುದು ಪೂರ್ವಕ್ಕೆ, ಕೃಷ್ಣೆಯನ್ನು ಸೇರಿ ಬಂಗಾಳ ಕೊಲ್ಲಿಗೆ. ಆ ಕರಾವಳಿಯಲ್ಲಿ ಎಮೆರಿಟಾದ ಇನ್ನೊಂದು ಪ್ರಭೇದವಿದೆ. ಕಡಲ ದಂಡೆಗಳ ಮರಳಿನ ದೊಡ್ಡ ಪಾಲು ನದಿಗಳು ಹೊತ್ತು ತಂದದ್ದು. ಆದರೆ ನಮ್ಮ ಹೊಳೆ ಹೊತ್ತದ್ದು ಹೊಸಪೇಟೆಯ ಅಣೆಕಟ್ಟೆಯಲ್ಲಿ ನಿಲ್ಲುತ್ತದೆ. ಹೂಳು ತುಂಬಿ ತುಂಗಭದ್ರಾ ಜಲಾಶಯದ ಸಾಮರ್ಥ್ಯ 133 ಟಿಎಂಸಿಯಿಂದ 105ರ ಆಸುಪಾಸಿಗೆ ಇಳಿದಿದೆ. ಅಲ್ಲಿಗೆ ತಲುಪುವ ಮೊದಲೇ ಎಷ್ಟೋ ಉಸುಕು ಲಾರಿ ಏರಿ ಕಟ್ಟಡಗಳಾಗುತ್ತದೆ. ಹೊಳೆದಂಡೆಯ ಊರುಗಳಲ್ಲಿ ಇಂದು ಉಸುಕು ಎಂದರೆ ಲೋಡಿಗೆ ಇಷ್ಟು ಎಂಬ ರೇಟು. ಅದಕ್ಕೆ ಬೇರೆ ಅರ್ಥವೂ ಇರಬಹುದು ಎನ್ನುವ ಮಾತು ನಮ್ಮ ಭಾಷೆಯಲ್ಲಿ ತಯಾರಿಲ್ಲ. ಮಣ್ಣನ್ನು ಮಾರಿದವನ ಬಗ್ಗೆ ಕನ್ನಡದಲ್ಲಿ ನೂರು ಕತೆ ಇವೆ, ಓದಿದವರ ಕರುಳು ಚುರುಕ್ಕೆನ್ನುತ್ತದೆ. ಉಸುಕು ಮಾರಿದರೆ ಯಾರಿಗೂ ಏನೂ ಅನ್ನಿಸುವುದಿಲ್ಲ, ಏಕೆಂದರೆ ಮರಳಿನಲ್ಲಿ ಯಾರೂ ಇಲ್ಲ ಎಂದು ನಾವು ಓದಿಕೊಂಡಿದ್ದೇವೆ.

ಸಾಹಿತ್ಯದ ಓದು ಲಾರಿಗಳನ್ನು ನಿಲ್ಲಿಸುತ್ತದೆ ಎಂದು ನಾನು ನಂಬಿಲ್ಲ. ಆದರೆ ಯಾವುದು ಬರಿದು, ಯಾವುದು ತುಂಬಿದ್ದು ಎಂಬ ಭಾವನೆಯನ್ನು ರೂಪಿಸುವುದರಲ್ಲಿ ಓದಿನ ಪಾಲು ದೊಡ್ಡದು. ಮಣ್ಣಿಗೆ ನಮ್ಮ ಕಾದಂಬರಿಗಳು ಆ ಕೆಲಸ ಮಾಡಿಕೊಟ್ಟವು. ಮರಳಿಗೆ ಮಾಡಿಕೊಡಬಲ್ಲ ಪುಸ್ತಕಗಳೂ ಕನ್ನಡದಲ್ಲಿ ಇವೆ, ಬೇರೆ ಕಪಾಟಿನಲ್ಲಿ.

ವಿದ್ಯಾರ್ಥಿ ಮಿತ್ರರಿಗೆ ನನ್ನದೊಂದು ಸಲಹೆ. 'ಮರಳಿ ಮಣ್ಣಿಗೆ'ಯನ್ನು ಈ ಸಲ ಓದುವಾಗ 'ನಮ್ಮ ಸುತ್ತಲಿನ ಕಡಲು' ಪಕ್ಕದಲ್ಲಿರಲಿ. ಕೋಡಿಯ ಹೆಂಗಸರು ದಂಡೆಗೆ ಬಂದಾಗಲೆಲ್ಲ ಅವರ ಕಾಲಡಿಯಲ್ಲಿ ಏನಿದೆ, ಅಲೆ ಹೋದ ಮೇಲೆ ಅಲ್ಲಿ ಯಾರು ಉಳಿಯುತ್ತಾರೆ ಎಂದು ಕೇಳಿಕೊಳ್ಳಿ. ಉತ್ತರವನ್ನು ಉಪಮೆ ಮಾಡಲು ಅವಸರಪಡಬೇಡಿ. ಕಾರಂತರು ಎರಡೂ ಪುಸ್ತಕಗಳನ್ನು ನಮಗೆಂದೇ ಬರೆದಿಟ್ಟಿದ್ದಾರೆ, ಒಟ್ಟಿಗೆ ತೆರೆಯುವ ಕೆಲಸವಷ್ಟೇ ಬಾಕಿ ಇದೆ.